ಓಸ್ಲೋದಲ್ಲಿ ಮೊದಲ ಚಳಿಗಾಲ: ಮಕ್ಕಳ ಜೊತೆ ಸ್ಕೀ ಹಾದಿಗೆ ಇಳಿಯುವ ಮುನ್ನ

ಓಸ್ಲೋಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಾಣದ ಕುಟುಂಬಗಳಿಗಾಗಿ ಸಂಘದಿಂದ ಇದನ್ನು ಬರೆಯುತ್ತಿದ್ದೇವೆ. ಜನವರಿ ಬಂತೆಂದರೆ ಶಾಲೆಯಿಂದಲೋ ಬಾರ್ನೆಹಾಗೆ ಅನ್ನುವ ಶಿಶುವಿಹಾರದಿಂದಲೋ ಒಂದು ಮೆಸೇಜ್ ಬರುತ್ತದೆ: ಮಕ್ಕಳಿಗೆ ಸ್ಕೀ ದಿನ ಇದೆ, ಸ್ಕೀ, ಬೂಟು, ಕೋಲು ಕಳಿಸಿ. ಅಲ್ಲಿಂದ ಗಡಿಬಿಡಿ ಶುರು. ಅಂಗಡಿಗೆ ಓಡಿ ದುಬಾರಿ ಸೆಟ್ ತಂದು ಮಗುವನ್ನು ಕಳಿಸುತ್ತಾರೆ, ತಾವು ಮಾತ್ರ ಮನೆಯಲ್ಲೇ ಉಳಿದುಬಿಡುತ್ತಾರೆ. ನಮ್ಮ ಸಲಹೆ ಇದಕ್ಕೆ ಪೂರ್ತಿ ಉಲ್ಟಾ. ಮೊದಲ ವರ್ಷ ಸ್ಕೀ ಕೊಳ್ಳಲೇಬೇಡಿ. ಆದರೆ ಅಪ್ಪ ಅಮ್ಮ ಇಬ್ಬರೂ ಮಕ್ಕಳ ಜೊತೆಗೇ ಸ್ಕೀ ಕಟ್ಟಿಕೊಳ್ಳಿ. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ಮೂರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಫೀಸು, ಮನೆ, ಮತ್ತೆ ಆಫೀಸು ಅಂತ ಇದ್ದುಬಿಟ್ಟರೆ ಫೆಬ್ರವರಿ ಹೊತ್ತಿಗೆ ಮನಸ್ಸು ಕುಗ್ಗುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಹಿಮದಲ್ಲಿ ಓಡಾಡಿ ಬಂದವರಿಗೆ ಅದೇ ಚಳಿಗಾಲ ಅಷ್ಟು ಭಾರ ಅನ್ನಿಸುವುದಿಲ್ಲ.

ಹಾದಿಗಳು ಎಲ್ಲಿವೆ

ಊರಿನ ಸುತ್ತಲಿನ ಕಾಡಿಗೆ ಇಲ್ಲಿ ಮಾರ್ಕಾ ಅಂತಾರೆ. ಉತ್ತರಕ್ಕೆ ನೂರ್‌ಮಾರ್ಕಾ, ಪೂರ್ವಕ್ಕೆ ಓಸ್ಟ್‌ಮಾರ್ಕಾ, ಬೇರುಮ್ ಮತ್ತು ಆಸ್ಕರ್ ಕಡೆ ವೆಸ್ಟ್‌ಮಾರ್ಕಾ. ಈ ಕಾಡಿನಲ್ಲಿ ಮನೆ, ಕಟ್ಟಡ ಎದ್ದೇಳದಂತೆ ಕಾಯಲು 2009ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಇಲ್ಲಿ ಸ್ಕೀ ಮಾಡಲು ಟಿಕೆಟ್ ಇಲ್ಲ, ಪಾಸ್ ಇಲ್ಲ. ಕಾಡಿನಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ, ನಿನ್ನೆ ಬಂದಿಳಿದವರಿಗೂ ಇದೆ.

ಹಾದಿಗಳನ್ನು ಹೆಚ್ಚಾಗಿ ನೋಡಿಕೊಳ್ಳುವುದು ಸ್ಕೀಫೊರೆನಿಂಗೆನ್. 1883ರಲ್ಲಿ ಶುರುವಾದ ಸಂಸ್ಥೆ ಇದು. ಇವರ ಯಂತ್ರಗಳು ರಾತ್ರಿ ಹಗಲು ಓಡಾಡಿ ಹಿಮವನ್ನು ಒತ್ತಿ, ಎತ್ತಿನ ಗಾಡಿಯ ಜಾಡಿನ ಹಾಗೆ ಜೋಡಿ ಗೀರು ಎಳೆಯುತ್ತವೆ. ನಿಮ್ಮ ಎರಡು ಸ್ಕೀ ಆ ಗೀರುಗಳಲ್ಲಿ ಕೂರುತ್ತವೆ. ಸದಸ್ಯತ್ವ ಕಡ್ಡಾಯವಲ್ಲ. ಆದರೂ ಒಂದು ಸೀಸನ್ ಹಾದಿ ಬಳಸಿದ ಮೇಲೆ ಸದಸ್ಯರಾಗುವುದು ನ್ಯಾಯ ಅಂತ ನಮ್ಮ ಅಭಿಪ್ರಾಯ.

ಮೊದಲ ದಿನಕ್ಕೆ ಸಪಾಟಾದ, ದೀಪ ಇರುವ ಹಾದಿ ಹುಡುಕಿ. ಅಂಥದ್ದಕ್ಕೆ ಲೂಸ್‌ಲೋಯ್ಪೆ ಅನ್ನುತ್ತಾರೆ. ಆಫೀಸು ಮುಗಿಸಿ ಕತ್ತಲಲ್ಲೂ ಹೋಗಬಹುದು. ಆದರೆ ದೀಪ ರಾತ್ರಿಯಿಡೀ ಉರಿಯುವುದಿಲ್ಲ, ಆರುವ ಹೊತ್ತನ್ನು ಮೊದಲೇ ತಿಳಿದುಕೊಳ್ಳಿ. ಪೂರ್ವದ ಕಡೆ ಮನೆ ಇದ್ದವರಿಗೆ ಸ್ಕುಲ್ಲೆರುಡ್ ಹತ್ತಿರ. ಮಿಕ್ಕವರು ಸೊಂಗ್ಸ್‌ವನ್‌ಗೆ ಹೋಗಬಹುದು. ಟಿ-ಬಾನೆ ಅನ್ನುವ ಇಲ್ಲಿಯ ಮೆಟ್ರೋದ ಕೊನೆಯ ಸ್ಟೇಷನ್ನು, ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕೆರೆ. ಅಲ್ಲಿಂದ ಉಲ್ಲೆವೋಲ್‌ಸೇಟರ್ ಅನ್ನುವ ಕಾಡಿನ ಕೆಫೆಗೆ ಹೋಗುವ ಹಾದಿ ಬಲು ಹೆಸರುವಾಸಿ. ಆದರೆ ಏರು ಜಾಸ್ತಿ. ಅದನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ.

ಟಿ-ಬಾನೆಯ ಲೈನ್ 1 ಹತ್ತಿ ಫ್ರೊಂಗ್ನರ್‌ಸೇಟರೆನ್‌ಗೆ ಹೋದರೆ ಸಮುದ್ರಮಟ್ಟದಿಂದ 400 ಮೀಟರ್‌ಗೂ ಮೇಲೆ ಇರುತ್ತೀರಿ. ಊರೊಳಗೆ ಮಳೆ ಸುರಿಯುತ್ತಿದ್ದರೂ ಮೇಲೆ ಒಳ್ಳೆ ಹಿಮ ಇರುವುದುಂಟು. ಅಲ್ಲಿಂದ ಸೊಂಗ್ಸ್‌ವನ್‌ಗೆ ಇಳಿದು ಬರೋಣ, ಇಳಿಜಾರು ತಾನೇ, ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಏರು ಸುಸ್ತು ಮಾಡುತ್ತದೆ ಅಷ್ಟೇ, ಬೀಳಿಸುವುದು ಇಳಿಜಾರು. ಮಕ್ಕಳಿಗೆ ಮೊದಲ ವರ್ಷ ಅಲ್ಲಿಯ ಕೊರ್ಕೆಟ್ರೆಕ್ಕರೆನ್‌ನಲ್ಲಿ ಜಾರುಬಂಡಿ ಆಡಿಸಿ. ಕೆಳಗೆ ಜಾರಿ ಹೋಗಿ ಅದೇ ಟಿ-ಬಾನೆ ಹತ್ತಿ ಮತ್ತೆ ಮೇಲಕ್ಕೆ ಬರಬಹುದು.

ಹೊರಡುವ ಮುಂಚೆ ಸ್ಕಿಸ್ಪೋರೆಟ್ ಡಾಟ್ ಎನ್‌ಒ ನೋಡಿ. ಯಾವ ಹಾದಿಗೆ ಯಂತ್ರ ಬಂದು ಎಷ್ಟು ಗಂಟೆ ಆಯಿತು ಅಂತ ಬಣ್ಣದಲ್ಲಿ ತೋರಿಸುತ್ತದೆ. ಮೈನಸ್ ಐದರ ಸುಮಾರು ಚಳಿ, ಬೆಳಗ್ಗೆ ತಾನೇ ಎಳೆದ ಗೀರು: ಕಲಿಯಲು ಇದಕ್ಕಿಂತ ಒಳ್ಳೆ ದಿನ ಇಲ್ಲ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದರೆ ಹಾದಿ ಗಾಜಿಗಿಂತ ನುಣುಪು. ಅಂಥ ದಿನ ಸುಮ್ನೆ ಮನೆಯಲ್ಲಿರಿ. ಕಾಡಿನೊಳಗೆ ಸ್ಕೀ ಹಾದಿಯ ಗುರುತು ಕೆಂಪು ಬಣ್ಣ. ನೀಲಿ ಕಂಡರೆ ಅದು ನಡೆಯುವವರ ದಾರಿ.

ಸ್ಕೀ, ಬೂಟು, ಕೋಲು

ಆಟದ ಸಾಮಾನು ಎರವಲು ಕೊಡುವ ಬುವಾ ಅನ್ನುವ ಮಳಿಗೆಗಳು ನಾರ್ವೆಯ ಬಹಳಷ್ಟು ಊರುಗಳಲ್ಲಿ ಇವೆ. ಲೈಬ್ರರಿಯಿಂದ ಪುಸ್ತಕ ತಂದಷ್ಟೇ ಸಲೀಸು. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲಾ ಪುಕ್ಕಟೆ, ದೊಡ್ಡವರಿಗೂ ಕೊಡುತ್ತಾರೆ. ಶುಕ್ರವಾರ ಸಂಜೆ ಹೋದರೆ ನಿಮ್ಮ ಅಳತೆಯ ಬೂಟು ಸಿಗುವುದು ಕಷ್ಟ, ವಾರದ ನಡುವೆ ಹೋಗಿ. ಸರ್ಕಾರಿ ಶಾಲೆಯ ಚಟುವಟಿಕೆಗೆ ಪೋಷಕರಿಂದ ದುಡ್ಡು ವಸೂಲಿ ಮಾಡುವಂತಿಲ್ಲ ಅನ್ನುವುದು ಇಲ್ಲಿಯ ನಿಯಮ. ಹಾಗಾಗಿ ನಮ್ಮ ಹತ್ತಿರ ಸ್ಕೀ ಇಲ್ಲ ಅಂತ ಟೀಚರ್‌ಗೆ ಬರೆಯಲು ಸಂಕೋಚ ಬೇಡ. ಅವರು ಏರ್ಪಾಡು ಮಾಡುತ್ತಾರೆ.

ಕೊಳ್ಳಲೇಬೇಕು ಅನ್ನಿಸಿದರೆ ಹಳೆಯದನ್ನು ಕೊಳ್ಳಿ. ಮಕ್ಕಳ ಕಾಲು ಒಂದೇ ವರ್ಷದಲ್ಲಿ ಬೆಳೆದುಬಿಡುತ್ತದೆ. ಹಳೆ ಸಾಮಾನು ಮಾರುವ ಫಿನ್ ವೆಬ್‌ಸೈಟ್‌ನಲ್ಲಿ ಬೇಕಾದಷ್ಟು ಇರುತ್ತವೆ, ಶಾಲೆಯ ಬ್ಯಾಂಡ್‌ನವರು ನಡೆಸುವ ಲೊಪ್ಪೆಮಾರ್ಕೆಡ್ ಅನ್ನುವ ಹಳೆ ಸಾಮಾನಿನ ಸಂತೆಯಲ್ಲಂತೂ ಇನ್ನೂ ಅಗ್ಗ. ಆದರೆ ಬೂಟನ್ನು ತಿರುಗಿಸಿ ತಳ ನೋಡದೆ ದುಡ್ಡು ಕೊಡಬೇಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ, ಎನ್‌ಎನ್‌ಎನ್, ಎಸ್‌ಎನ್‌ಎಸ್ ಅಂತ ಅದರಲ್ಲಿ ಬೇರೆ ಬೇರೆ ಬಗೆ. ಎನ್‌ಎನ್‌ಎನ್ ಬೂಟಿನ ತಳದಲ್ಲಿ ಉದ್ದಕ್ಕೆ ಎರಡು ಸಣ್ಣ ಕಾಲುವೆ ಇರುತ್ತವೆ. ಎಸ್‌ಎನ್‌ಎಸ್ ಅಂದರೆ ನಡುವೆ ಅಗಲವಾದ ಒಂದೇ ಒಂದು. ಒಂದರ ಬೂಟು ಇನ್ನೊಂದರ ಬೈಂಡಿಂಗ್‌ಗೆ ಕೂರುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ಸ್ಕೀ ದಿನದ ಬೆಳಗ್ಗೆಯೇ.

ದೊಡ್ಡವರು ಫೆಲ್ಲೆಸ್ಕೀ ಕೇಳಿ ತೆಗೆದುಕೊಳ್ಳಿ. ಇದರ ಅಡಿಯಲ್ಲಿ, ಪಾದದ ಕೆಳಗೆ ಬರುವ ಕಡೆ, ಮೊಹೇರ್ ಅನ್ನುವ ಮೇಕೆ ರೋಮದ ಪಟ್ಟಿ ಇರುತ್ತದೆ. ಅದರ ರೋಮ ಹಿಂದಕ್ಕೆ ವಾಲಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಸ್ಕೀ ನಡುವೆ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಿಗೆ ಭಾರ ಹಂಚಿದಾಗ ಪಟ್ಟಿ ಹಿಮಕ್ಕೆ ತಾಗಿಯೂ ತಾಗದ ಹಾಗೆ ಇದ್ದು ನೀವು ಜಾರುತ್ತೀರಿ. ಪೂರ್ತಿ ಭಾರ ಒಂದೇ ಕಾಲಿಗೆ ಹಾಕಿ ಒತ್ತಿದಾಗ ಪಟ್ಟಿ ಕಚ್ಚಿಕೊಳ್ಳುತ್ತದೆ, ಆಗ ಮುಂದಕ್ಕೆ ತಳ್ಳಿಕೊಳ್ಳಬಹುದು. ಈ ಭಾರ ಬದಲಿಸುವುದು ಬಂದರೆ ಸ್ಕೀ ಬಂದಂತೆಯೇ. ಮೇಣ ಹಚ್ಚುವ ಸ್ಕೀ ಬೇರೆ, ಅದಕ್ಕೆ ಚಳಿಗೆ ತಕ್ಕ ಮೇಣ ಆರಿಸಬೇಕು. ಅದೆಲ್ಲ ಮುಂದೆ ನೋಡೋಣ.

ಪುಟ್ಟ ಮಕ್ಕಳಿಗೆ ಮೊದಲು ಕೋಲು ಕೊಡಲೇಬೇಡಿ. ಕೋಲಿದ್ದರೆ ಅದರ ಮೇಲೇ ವಾಲುತ್ತಾರೆ, ಕಾಲಿನ ಮೇಲೆ ನಿಲ್ಲುವುದನ್ನು ಕಲಿಯುವುದಿಲ್ಲ. ಸ್ಕೀಫೊರೆನಿಂಗೆನ್ ಮಕ್ಕಳಿಗೆ ಸ್ಕೀ ಶಾಲೆ ನಡೆಸುತ್ತದೆ. ಚಳಿಗಾಲ ಬರಲಿ ಅಂತ ಕಾಯದೆ ಶರತ್ಕಾಲದಲ್ಲೇ ಹೆಸರು ಕೊಡಿ.

ಬಟ್ಟೆ, ಊಟ

ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಆಗಿರಲಿ. ಹತ್ತಿ ಬನಿಯನ್, ಜೀನ್ಸ್ ಬೇಡ. ಸ್ಕೀ ಮಾಡಿದರೆ ಚೆನ್ನಾಗಿ ಬೆವರುತ್ತದೆ. ಒದ್ದೆಯಾದ ಹತ್ತಿ ನಿಂತ ಐದೇ ನಿಮಿಷಕ್ಕೆ ನಡುಕ ತರುತ್ತದೆ. ಮೇಲೆ ದಪ್ಪ ಡೌನ್ ಜಾಕೆಟ್ ಕೂಡ ಬೇಡ, ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ದಪ್ಪದ್ದು ಚೀಲದಲ್ಲಿರಲಿ, ಕೂತಾಗ ಹಾಕಿಕೊಳ್ಳಲು. ಚೀಲದಲ್ಲಿ ಇನ್ನೊಂದು ಜೊತೆ ಕೈಗವಸು, ಕೂರಲು ಸಿಟ್ಟೆಉಂಡರ್‌ಲಾಗ್ ಅನ್ನುವ ಪುಟ್ಟ ಹಾಸು ಇರಲಿ. ಕೂಸನ್ನು ಪುಲ್ಕ್ ಬಂಡಿಯಲ್ಲಿ ಎಳೆಯುವವರು ಒಂದು ಮಾತು ನೆನಪಿಡಿ. ಎಳೆಯುವ ನಿಮಗೆ ಸೆಕೆ, ಅಲ್ಲಾಡದೆ ಮಲಗಿದ ಕೂಸಿಗೆ ಚಳಿ. ಆಗಾಗ ನಿಂತು ಕೂಸಿನ ಕತ್ತಿನ ಹಿಂದೆ ಕೈ ಇಟ್ಟು ನೋಡಿ. ಮೈನಸ್ ಹತ್ತಕ್ಕಿಂತ ಕೆಳಗಿದ್ದರೆ ಕೂಸನ್ನು ಕರೆದೊಯ್ಯಬೇಡಿ.

ನಾರ್ವೆಯವರು ಮಾತ್‌ಪಾಕೆ ಅನ್ನುವ ಬ್ರೆಡ್ಡಿನ ಬುತ್ತಿ, ಕಿತ್ತಳೆ, ಕ್ವಿಕ್‌ಲುನ್ಶ್ ಚಾಕಲೇಟ್ ಒಯ್ಯುತ್ತಾರೆ. ನಮ್ಮವರಿಗೆ ಚಪಾತಿಯೊಳಗೆ ಪಲ್ಯ ಸುತ್ತಿಕೊಂಡರೆ ಅನುಕೂಲ, ಕೈಗವಸು ಪೂರ್ತಿ ತೆಗೆಯದೆಯೇ ತಿನ್ನಬಹುದು. ಫ್ಲಾಸ್ಕ್ ತುಂಬ ಬಿಸಿ ತಿಳಿಸಾರು ಇರಲಿ. ಮೊಸರನ್ನ ಮಾತ್ರ ಬೇಡ, ಹೆಪ್ಪುಗಟ್ಟುತ್ತದೆ.

ಹಾದಿಯಲ್ಲಿ ನಡೆದುಕೊಳ್ಳುವ ರೀತಿ

ಬಲಗಡೆ ಇರಿ. ನಿಲ್ಲಬೇಕಾದರೆ, ಮಗುವಿನ ಬೂಟು ಕಟ್ಟಬೇಕಾದರೆ, ಗೀರಿನಿಂದ ಪಕ್ಕಕ್ಕೆ ಬನ್ನಿ. ಇಳಿದು ಬರುವವರಿಗೆ ದಾರಿ ಬಿಡಿ, ಅವರಿಗೆ ತಕ್ಷಣ ನಿಲ್ಲಲು ಆಗುವುದಿಲ್ಲ. ಇಳಿಜಾರಿನ ಬುಡದಲ್ಲಿ ಗುಂಪಾಗಿ ನಿಂತು ಫೋಟೋ ತೆಗೆಯಲೇಬೇಡಿ. ಹಿಂದಿನಿಂದ ಯಾರಾದರೂ "ಲೋಯ್ಪೆ!" ಅಂತ ಕೂಗಿದರೆ ಬೈಗುಳವಲ್ಲ, ದಾರಿ ಕೇಳುತ್ತಿದ್ದಾರೆ ಅಷ್ಟೇ. ಸ್ಕೀ ಬಿಚ್ಚಿ ಬೂಟುಗಾಲಲ್ಲಿ ಗೀರು ತುಳಿಯುವುದನ್ನು ಮಾತ್ರ ಯಾರೂ ಸಹಿಸುವುದಿಲ್ಲ. ಅದು ಸರಿಯೇ, ಯಂತ್ರ ಮತ್ತೆ ಬರುವ ತನಕ ಆ ಹಾದಿ ಕೆಟ್ಟಂತೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ ಮಾತಾಡದ ಜನ ಕಾಡಿನಲ್ಲಿ ಎದುರಾದರೆ "ಹೇ ಹೇ" ಅನ್ನುತ್ತಾರೆ. ನೀವೂ ಅನ್ನಿ. ಬಿದ್ದರೆ ಎಬ್ಬಿಸಲು ಬರುವವರೂ ಅವರೇ.

ಕೆರೆಯ ಮೇಲೆ ಗೀರು ಎಳೆದಿದ್ದರೆ ಹೋಗಬಹುದು. ಗೀರು ಇಲ್ಲದ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಬಿಡಬೇಡಿ. ಆಂಬುಲೆನ್ಸ್‌ಗೆ 113, ದಾರಿ ತಪ್ಪಿದರೆ ಪೊಲೀಸರ 112. ಯೆಲ್ಪ್ 113 (Hjelp 113) ಅನ್ನುವ ಆ್ಯಪ್‌ನಿಂದ ಕರೆ ಮಾಡಿದರೆ ನೀವಿರುವ ಜಾಗವೂ ಅವರಿಗೆ ತಿಳಿಯುತ್ತದೆ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಸಾಯುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಈಸ್ಟರ್ ರಜೆಗೆ ಬೆಟ್ಟಗಳ ಕಡೆ ಹೋಗುವವರು ಅಲ್ಲಿಯ ಒಂಬತ್ತು ಬೆಟ್ಟದ ನಿಯಮಗಳನ್ನೂ ಹಿಮಕುಸಿತದ ಎಚ್ಚರಿಕೆಯನ್ನೂ ಓದಿಯೇ ಹೊರಡಿ. ಹಿಂದಿರುಗುವುದರಲ್ಲಿ ನಾಚಿಕೆಯೇನಿಲ್ಲ ಅನ್ನುವುದು ಆ ನಿಯಮಗಳಲ್ಲೇ ಒಂದು. ಮಗು ಸಾಕು ಅಂದರೆ ನೂರ್‌ಮಾರ್ಕಾದಲ್ಲೂ ಅದನ್ನೇ ಪಾಲಿಸಿ.

ಹಳಬರಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಚಿಕ್ಕದಾದ ಬೂಟು, ಸ್ಕೀ ಇದ್ದರೆ ಅಕ್ಟೋಬರ್‌ನಲ್ಲೇ ಸಂಘದ ಗುಂಪಿನಲ್ಲಿ ಹಾಕಿ. ಅಳತೆಯ ಜೊತೆಗೆ ಬೈಂಡಿಂಗ್ ಯಾವುದು ಅಂತಲೂ ಬರೆಯಿರಿ.