ಇಸವಿಯ ಸಾಲಿನಲ್ಲಿ ಕೇಳಿದ 410 ತಟ್ಟೆಗಳು

ನಮ್ಮ ಮನೆಯಲ್ಲಿರುವ ಗ್ರಾಮಫೋನ್ ತಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನನ್ನ ಸೋದರಮಾವನವು. ಉಳಿದವನ್ನು ನಾನು ಮೂವತ್ತು ವರ್ಷಗಳ ಅವಧಿಯಲ್ಲಿ ಬೆಂಗಳೂರಿನ ಭಾನುವಾರದ ಸಂತೆಯಿಂದಲೂ ಮುಂಬೈಯ ಚೋರ್ ಬಜಾರಿನಿಂದಲೂ ಇಲ್ಲೇ ಮೈಸೂರಿನ ಗುಜರಿ ಅಂಗಡಿಗಳಿಂದಲೂ ಒಂದೊಂದಾಗಿ ತಂದೆ. ಇಷ್ಟೆಲ್ಲ ಇದ್ದರೂ ನಾನು ಹಾಕಿ ಕೇಳುತ್ತಿದ್ದದ್ದು ಹೆಚ್ಚೆಂದರೆ ಇಪ್ಪತ್ತು ತಟ್ಟೆಗಳನ್ನು. ಮಿಕ್ಕವು ಬೀರುವಿನಲ್ಲಿ ಧೂಳು ಕುಡಿಯುತ್ತಿದ್ದವು. ನಿವೃತ್ತಿಯಾದ ವರ್ಷದ ಯುಗಾದಿಯಂದು ಒಂದು ನಿಶ್ಚಯ ಮಾಡಿದೆ. ಇರುವ ಅಷ್ಟನ್ನೂ, ಅತ್ಯಂತ ಹಳೆಯದರಿಂದ ಹಿಡಿದು ಕೊನೆಯದರವರೆಗೆ, ಧ್ವನಿಮುದ್ರಣವಾದ ಇಸವಿಯ ಕ್ರಮದಲ್ಲಿ, ಎರಡೂ ಬದಿ ಬಿಡದೆ ಕೇಳಬೇಕು, ಇಷ್ಟವಿಲ್ಲದ್ದನ್ನೂ ದಾಟಿಸಬಾರದು. ಎಣಿಸಿ ನೋಡಿದಾಗ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು 140, ಬದಿಗೆ ಒಂದೆರಡು ಹಾಡಿನ ಏಳು ಅಂಗುಲದ ಇ.ಪಿ.ಗಳು 160, ಬದಿಗೆ ಇಪ್ಪತ್ತು ನಿಮಿಷ ಓಡುವ ಎಲ್.ಪಿ.ಗಳು 110 ಇದ್ದವು. ಬೀರುವಿನ ಹಲಗೆ ಬಗ್ಗಿಸಿದ ಭಾರವೆಲ್ಲ 78ರವುಗಳದ್ದು. ಆದರೆ ಅವೆಲ್ಲವನ್ನೂ ಒಟ್ಟಿಗೆ ಕೇಳಿದರೂ ಹದಿನೈದು ಗಂಟೆಯ ಸಂಗೀತ ಮಾತ್ರ ಎಂಬುದು ಲೆಕ್ಕ ಹಾಕಿದ ಮೇಲೆ ತಿಳಿಯಿತು.

ಕೇಳುವುದಕ್ಕಿಂತ ಜೋಡಿಸುವುದೇ ದೊಡ್ಡ ಕೆಲಸವಾಯಿತು. ಹಳೆಯ ತಟ್ಟೆಗಳ ಲೇಬಲ್ಲಿನ ಮೇಲೆ ಇಸವಿ ಇರುವುದಿಲ್ಲ. 1970ರ ದಶಕದ ಈಚೆಗಿನ ಹಲವು ಲೇಬಲ್ಲುಗಳಲ್ಲಿ ವೃತ್ತದೊಳಗೆ ‘ಪಿ’ ಅಕ್ಷರವೂ ಅದರ ಪಕ್ಕದಲ್ಲಿ ವರ್ಷವೂ ಸಿಗುತ್ತವೆ. ಅದಕ್ಕಿಂತ ಹಿಂದಿನವುಗಳಲ್ಲಿ ಕ್ಯಾಟಲಾಗ್ ಸಂಖ್ಯೆ ಮತ್ತು ಲೇಬಲ್ಲಿನ ಸುತ್ತ ಹಾಡಿಲ್ಲದ ಖಾಲಿ ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಅಚ್ಚಿನ ಸಂಖ್ಯೆ, ಇವೆರಡೇ ಆಧಾರ. ನನ್ನ ನೆರವಿಗೆ ಬಂದದ್ದು ಸಿನಿಮಾ ತಟ್ಟೆಗಳು. ಚಿತ್ರ ಬಿಡುಗಡೆಯಾದ ವರ್ಷ ಗೊತ್ತಿರುತ್ತದೆಯಾದ್ದರಿಂದ ಅವುಗಳನ್ನು ಮೈಲಿಗಲ್ಲುಗಳಂತೆ ನೆಟ್ಟುಕೊಂಡು, ಅದೇ ಕಂಪನಿಯ ಅದೇ ಸರಣಿಯಲ್ಲಿ ಆ ಸಂಖ್ಯೆಗಳ ಹಿಂದೆಮುಂದೆ ಬೀಳುವ ಭಾವಗೀತೆಯನ್ನೋ ದೇವರನಾಮವನ್ನೋ ನಡುವೆ ಸೇರಿಸುತ್ತ ಹೋದೆ. ಎಲ್.ಪಿ.ಗಳಲ್ಲಿ ಸಂಖ್ಯೆಯ ಮುಂದಿನ ಅಕ್ಷರಗಳೂ ಸಹಾಯ ಮಾಡಿದವು: ನಾಯಿ ಗುರುತಿನ ಎಚ್.ಎಂ.ವಿ. ಕಂಪನಿಯ ಶಾಸ್ತ್ರೀಯ ಎಲ್.ಪಿ.ಗಳಲ್ಲಿ ‘ಇಎಎಲ್‌ಪಿ’ ಎಂದಿದ್ದರೆ ಮೋನೋ, ‘ಇಎಎಸ್‌ಡಿ’ ಎಂದಿದ್ದರೆ ಆಮೇಲೆ ಬಂದ ಸ್ಟೀರಿಯೊ. ಪ್ರತಿ ತಟ್ಟೆಯ ಒಳಚೀಲದ ಮೂಲೆಯಲ್ಲಿ ಪೆನ್ಸಿಲಿನಿಂದ ವರ್ಷವನ್ನೂ, ಖಚಿತವಾಗಿದ್ದರೆ ‘ಖ’, ಅಂದಾಜಾದರೆ ‘ಅಂ’ ಎಂದೂ ಬರೆದೆ. ಎಲ್ಲ ಮುಗಿದಾಗ ‘ಖ’ಗಿಂತ ‘ಅಂ’ಗಳೇ ಜಾಸ್ತಿ ಇದ್ದವು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಸಾಲಿನ ಮೊದಲಲ್ಲಿ ನಿಂತದ್ದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಒಂದು ತಟ್ಟೆ. ಅವರು ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಅವರ ಮುಂದೆ ಮೊದಲ ಬಾರಿ ಹಾಡಿದ್ದು 1902ರಲ್ಲಿ. ಆಗಿನ ತಟ್ಟೆಗಳಿಗೆ ಒಂದೇ ಬದಿಯಲ್ಲಿ ಹಾಡು ಇರುತ್ತಿತ್ತು. ನನ್ನದರಲ್ಲಿ ಎರಡೂ ಬದಿ ಇರುವುದರಿಂದ ಇದು ಕೆಲವು ವರ್ಷ ಈಚಿನದೆಂದು ತೀರ್ಮಾನಿಸಿದೆ. ಹಾಡು ಮುಗಿಯುತ್ತಿದ್ದಂತೆ, ಉಸಿರನ್ನೂ ತೆಗೆದುಕೊಳ್ಳದೆ, ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂಬ ಚುರುಕಾದ ದನಿ ಕೇಳುತ್ತದೆ. ಅಚ್ಚು ಹಾಕಲು ಮೇಣದ ಮೂಲಪ್ರತಿಗಳು ಜರ್ಮನಿಗೆ ಹೋಗುತ್ತಿದ್ದ ಕಾಲದಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು ಬಂದ ರೂಢಿಯಂತೆ. ನಾನು ಆ ದನಿಯನ್ನು ಎಷ್ಟೋ ಸಲ ಕೇಳಿದ್ದೆ. ಆದರೆ ಇದರ ಹಿಂದೆ ನನ್ನ ಬಳಿ ಬೇರೆ ಯಾವ ತಟ್ಟೆಯೂ ಇಲ್ಲ ಎಂಬ ತಿಳಿವಿನಿಂದ ಕೇಳಿದ್ದು ಅದೇ ಮೊದಲು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರ ಜನವರಿಯಲ್ಲಿ ಅವರು ತೀರಿಕೊಂಡದ್ದು ನಾನಿರುವ ಇದೇ ಊರಿನಲ್ಲಿ. ಆ ಸಂಜೆ ಎರಡನೆಯ ತಟ್ಟೆ ಹಾಕಲು ಮನಸ್ಸಾಗಲಿಲ್ಲ.

ಸಲಕರಣೆಯ ಬಗ್ಗೆ ಒಂದೆರಡು ಮಾತು ಹೇಳಬೇಕು, ಏಕೆಂದರೆ ಇದೇ ದಾರಿ ಹಿಡಿಯುವವರು ಎಡವುವುದು ಇಲ್ಲೇ. ಅರಗಿನ ತಟ್ಟೆಯ ಗೆರೆ ಅಗಲವಾದದ್ದು. ಅದಕ್ಕೆ ಸುಮಾರು 3 ಮಿಲ್ (ಒಂದು ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ತುದಿಯ ಮುಳ್ಳು ಬೇಕು, ಎಲ್.ಪಿ.ಗೆ ಒಂದು ಮಿಲ್ಲೋ ಅದಕ್ಕೂ ಸಣ್ಣದೋ ಸಾಕು. ಎಲ್.ಪಿ.ಯ ಮುಳ್ಳನ್ನೇ 78ಕ್ಕೆ ಹಾಕಿದರೆ ಅದು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೆಲ್ಲ ಹಾಡಿಸುತ್ತದೆ. ವೇಗ ಅದಕ್ಕಿಂತ ದೊಡ್ಡ ತಲೆನೋವು. ನನ್ನ ಪ್ಲೇಯರ್ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಲು 77 ಗೆರೆಗಳಿರುವ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು ದೀಪದಡಿ ತಿರುಗಿಸಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ, ವೇಗ 78ಕ್ಕೆ ಹತ್ತಿರವಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ನಾನು ಅರ್ಧ ಗಂಟೆ ಗುಂಡಿ ತಿರುಗಿಸಿದರೂ ಗೆರೆಗಳು ಬರಿ ಮಸಕಾಗಿ ಓಡುತ್ತಿದ್ದವು. ತಪ್ಪು ಪ್ಲೇಯರಿನದ್ದಲ್ಲ, ನನ್ನ ಕೋಣೆಯ ಎಲ್ಇಡಿ ಬಲ್ಬಿನದ್ದು; ಅದು ಹಾಗೆ ಮಿನುಗುವುದೇ ಇಲ್ಲ. ಅಟ್ಟದಿಂದ ಚೋಕಿರುವ ಹಳೆಯ ಟ್ಯೂಬ್‌ಲೈಟು ಇಳಿಸಿ ಗೋಡೆಗೆ ಒರಗಿಸಿ ಹೊತ್ತಿಸಿದ ಮೇಲೆ ಗೆರೆಗಳು ತಟ್ಟನೆ ನಿಂತವು. ಆದರೂ ಆರಂಭಕಾಲದ ತಟ್ಟೆಗಳೆಲ್ಲ 78ರಲ್ಲೇ ಮುದ್ರಣವಾದವಲ್ಲ. ಹಾಡಿನಲ್ಲಿ ಹಾರ್ಮೋನಿಯಂ ಇದ್ದರೆ ಅದರ ಶ್ರುತಿಯನ್ನು ನನ್ನ ಪೆಟ್ಟಿಗೆಯ ಶ್ರುತಿಗೆ ಹೊಂದಿಸಿ ವೇಗ ತಿದ್ದಿಕೊಂಡೆ, ಇಲ್ಲದಿದ್ದರೆ ಕಿವಿಗೆ ಮನುಷ್ಯರ ದನಿ ಎನಿಸುವಲ್ಲಿಗೆ ಬಿಟ್ಟೆ.

ಮೂರನೆಯ ವಾರದಲ್ಲಿ ಒಂದು ಅನಾಹುತ ಮಾಡಿಕೊಂಡೆ. ಎಲ್.ಪಿ.ಗಳನ್ನು ಒರೆಸಲು ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಇಟ್ಟುಕೊಂಡಿದ್ದೆ. ಅವುಗಳ ವಿನೈಲ್ ಪ್ಲಾಸ್ಟಿಕ್ಕಿಗೆ ಅದರಿಂದ ತೊಂದರೆಯಿಲ್ಲ. ಯೋಚಿಸದೆ ಅದೇ ಬಟ್ಟಲಿಗೆ ಹತ್ತಿ ಅದ್ದಿ ಪಿ. ಕಾಳಿಂಗರಾಯರ ಭಾವಗೀತೆಯ ಒಂದು 78ನ್ನು ಒರೆಸಿದೆ. ಹತ್ತಿ ಕಪ್ಪಾಯಿತು. ಧೂಳು ಬಹಳ ಕೂತಿದೆ ಎಂದುಕೊಂಡು ಇನ್ನೊಂದು ಉಂಡೆ ತೆಗೆದುಕೊಂಡೆ, ಅದೂ ಕಪ್ಪಾಯಿತು. ಮೂರನೆಯದಕ್ಕೆ ಬೆರಳಿಗೆ ಅಂಟು ಹತ್ತಿತು. ಅರಗು ಕರಗುವುದು ಆಲ್ಕೋಹಾಲಿನಲ್ಲೇ, ಬಡಗಿ ಪಾಲಿಶ್ ಮಾಡುವುದೂ ಹಾಗೆಯೇ ಎಂಬುದು ಅಷ್ಟು ಹೊತ್ತಿಗೆ ನೆನಪಾಯಿತು. ಒರೆಸಿದ್ದು ಹಾಡನ್ನೇ. ಆ ಬದಿಯಲ್ಲಿ ಈಗ ಅಂಚಿನಿಂದ ಎರಡು ಬೆರಳಗಲ ಬೂದು ಪಟ್ಟೆಯಿದೆ, ಪಲ್ಲವಿಯ ಮೇಲೆ ಮಳೆ ಸುರಿದಂತೆ ಕೇಳುತ್ತದೆ, ಚರಣದಿಂದ ರಾಯರು ಬರುತ್ತಾರೆ. ಅಂದಿನಿಂದ 78ಗಳಿಗೆ ಬಟ್ಟಿ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ಷು, ಕೂಡಲೇ ಒಣಬಟ್ಟೆ. ಲೇಬಲ್ಲು ನೆನೆಯದಂತೆ ಅದರ ಮೇಲೊಂದು ಉಕ್ಕಿನ ಬಟ್ಟಲು ಕವುಚಿಡುತ್ತೇನೆ.

ಕ್ರಮವಾಗಿ ಕೇಳಿದ್ದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ದನಿಗಳ ವಯಸ್ಸನ್ನು. ಬೇಕೆಂದಾಗ ಬೇಕಾದ ತಟ್ಟೆ ಹಾಕುವವನಿಗೆ ಗಾಯಕನಿಗೆ ವಯಸ್ಸಿರುವುದಿಲ್ಲ. ಆತ ಯಾವಾಗಲೂ ತನ್ನ ಪ್ರಸಿದ್ಧಿಯ ವಯಸ್ಸಿನಲ್ಲೇ ಇರುತ್ತಾನೆ. ಗಂಗೂಬಾಯಿ ಹಾನಗಲ್ ಎಂದರೆ ನನ್ನ ಕಿವಿಯಲ್ಲಿ ಇದ್ದದ್ದು ಗಂಡಸಿನದ್ದೆನಿಸುವ ಆ ಗಂಭೀರ ಕಂಠ. 1930ರ ದಶಕದ ತಟ್ಟೆಯ ಲೇಬಲ್ಲಿನಲ್ಲಿ ಅವರ ಹೆಸರು ‘ಗಾಂಧಾರಿ’ ಎಂದಿದೆ, ಕಂಪನಿಯವರು ಹಾಗೆ ಬದಲಿಸಿದ್ದರು. ಅದರಲ್ಲಿ ಕೇಳುವುದು ಎತ್ತರದ ಶ್ರುತಿಯಲ್ಲಿ ತಂತಿಯಂತೆ ಸಪೂರವಾಗಿ ಓಡುವ ಹುಡುಗಿಯ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಬದಲಾಯಿತೆಂದು ಓದಿ ತಿಳಿದಿದ್ದೆ. ಓದಿದ್ದು ಬೇರೆ, ನಡುವಿನ ಕಾಲದ ಇತರರ ತಟ್ಟೆಗಳನ್ನೆಲ್ಲ ದಾಟಿ ಎಷ್ಟೋ ವಾರಗಳ ಮೇಲೆ ಅದೇ ವ್ಯಕ್ತಿಯ ಎಲ್.ಪಿ.ಗೆ ಬಂದು ಮುಟ್ಟಿದ್ದು ಬೇರೆ. ಆ ರಾತ್ರಿ ಹಿಂದಿನ ಸಾಲಿನಿಂದ ಗಾಂಧಾರಿಯನ್ನು ಮತ್ತೆ ತೆಗೆದು ಕೇಳಿ ನನ್ನ ನಿಯಮವನ್ನು ನಾನೇ ಮುರಿದೆ.

ಕುಮಾರ ಗಂಧರ್ವರದ್ದೂ ಹೀಗೆಯೇ. ಬೆಳಗಾವಿ ಸೀಮೆಯ ಸುಳೇಭಾವಿಯ ಆ ಬಾಲಕ 1930ರ ದಶಕದಲ್ಲಿ ಕೊಟ್ಟ 78ಗಳಲ್ಲಿ ಹಿರಿಯ ಉಸ್ತಾದರ ನಡಿಗೆಯನ್ನೆಲ್ಲ ಬೆರಗಾಗುವಂತೆ ಒಪ್ಪಿಸುತ್ತಾನೆ. ತಾನಗಳಿಗೆ ಎಲ್ಲಿಯೂ ಉಸಿರು ಕಟ್ಟುವುದಿಲ್ಲ. 1947ರಿಂದ ಮುಂದಿನ ಕೆಲವು ವರ್ಷ ಕ್ಷಯದಿಂದ ದೇವಾಸಿನಲ್ಲಿ ಮಲಗಿದ್ದು, ಹಾಡಬಾರದೆಂಬ ವೈದ್ಯರ ಮಾತಿನಲ್ಲಿ ಕಳೆದ ಮೇಲೆ ಬಂದ ಎಲ್.ಪಿ.ಗಳಲ್ಲಿ ಪದಗಳು ಚಿಕ್ಕಚಿಕ್ಕ ತುಂಡಾಗಿ, ನಡುವೆ ಮೌನ ಬಿಟ್ಟು ಬರುತ್ತವೆ. ಒಂದೇ ಶ್ವಾಸಕೋಶವನ್ನು ನಂಬಿಕೊಂಡವರ ಹಾಡುಗಾರಿಕೆ ಅದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಿವಿಗೆ ಆ ಮೌನಗಳು ಕೊರತೆಯಂತೆ ಕೇಳಲಿಲ್ಲ. ನನ್ನ ಸಂಗ್ರಹದಲ್ಲಿ ಅವರ ಬಾಲ್ಯದ ತಟ್ಟೆಗೂ ಮುಂದಿನದಕ್ಕೂ ನಡುವೆ ಖಾಲಿ ಜಾಗವೇ ಇದ್ದದ್ದರಿಂದ, ಯಾವುದು ಕಾಯಿಲೆಯಿಂದ ಬಂತು, ಯಾವುದು ಯೋಚನೆಯಿಂದ ಬಂತು ಎಂದು ಬಿಡಿಸಿ ಹೇಳುವ ಧೈರ್ಯ ನನಗಿಲ್ಲ.

78ರ ಒಂದು ಬದಿಗೆ ಸುಮಾರು ಮೂರೂಕಾಲು ನಿಮಿಷ. ತಿಂಗಳುಗಟ್ಟಲೆ ಅದನ್ನೇ ಕೇಳಿದರೆ ಕಿವಿ ಆ ಅಳತೆಗೆ ಒಗ್ಗಿಹೋಗುತ್ತದೆ. ಎರಡೂವರೆ ನಿಮಿಷ ಆಗುತ್ತಲೇ ಇನ್ನು ಮುಗಿಸುತ್ತಾರೆ ಎಂದು ಒಳಗೇ ತಿಳಿಯುತ್ತದೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಇಷ್ಟೇ ಹೊತ್ತಿನದು. ಗದಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿ ಅದನ್ನು ತಟ್ಟೆಯಲ್ಲಿ ಕೇಳಿ, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಹುಡುಗನೊಬ್ಬನನ್ನು ಮನೆಯಿಂದೆಬ್ಬಿಸಲು ಮೂರು ನಿಮಿಷ ಕಡಿಮೆಯೇನಲ್ಲ. ಹೀಗಿರುವಾಗ ಮೊದಲ ಎಲ್.ಪಿ. ಹಾಕಿದ ಸಂಜೆ ನನಗೆ ನಿಜಕ್ಕೂ ಮುಜುಗರವಾಯಿತು. ಆಲಾಪ ಶುರುವಾಗಿ ಐದು ನಿಮಿಷವಾದರೂ ಗಾಯಕರು ತಾರಸ್ಥಾಯಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಮೊದಲ ದಿನ ನಾನು ಎದ್ದು ಕಾಫಿ ಮಾಡಿಕೊಂಡು ಬಂದೆ; ಬಂದಾಗಲೂ ಅವರು ಅದೇ ಗಾಂಧಾರದ ಸುತ್ತ ಇದ್ದರು. ಬದಿಯೊಂದಕ್ಕೆ ಇಪ್ಪತ್ತು ನಿಮಿಷ ಸಿಕ್ಕಾಗ ಹಾಡುವವರಿಗೆ ಎಷ್ಟು ನಿರಾಳವಾಗಿರಬೇಕು ಎಂದು ಅರ್ಥವಾಗಲು ಹತ್ತು ಎಲ್.ಪಿ.ಗಳಾದರೂ ಬೇಕಾದವು.

ಇ.ಪಿ.ಗಳು ಹೆಚ್ಚಾಗಿ ಕನ್ನಡ ಸಿನಿಮಾದವು, ಆ ಮೂರು ತಿಂಗಳು ಮನೆಯವರೆಲ್ಲ ನನ್ನ ಕೋಣೆಯಲ್ಲೇ ಇದ್ದರು. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರ ದನಿ ಬಂದಾಗ ನನ್ನ ಬೀರುವಿನ ಎರಡು ಬೇರೆ ಖಾನೆಗಳು ಮೊದಲ ಬಾರಿ ಒಂದಾದವು. ಪಿ.ಬಿ. ಶ್ರೀನಿವಾಸರು ವರ್ಷದಿಂದ ವರ್ಷಕ್ಕೆ ಡಾ. ರಾಜ್‌ಕುಮಾರ್ ಅವರ ತುಟಿಗೆ ಹೇಗೆ ಅಂಟಿಕೊಳ್ಳುತ್ತ ಹೋದರೆಂಬುದನ್ನು ಕೇಳುತ್ತ ಬರುವಾಗ, 1974ರ ‘ಸಂಪತ್ತಿಗೆ ಸವಾಲ್’ ತಟ್ಟೆ ಬಂತು. ರಾಜ್ ಅದರಲ್ಲಿ ತಾವೇ ಹಾಡಿದ್ದಾರೆ. ಅಲ್ಲಿಂದಾಚೆ ನನ್ನ ಸಾಲಿನಲ್ಲಿ ಶ್ರೀನಿವಾಸರ ಲೇಬಲ್ಲುಗಳು ಕಣ್ಣಿಗೆ ಕಾಣುವಷ್ಟು ವಿರಳವಾದವು. ರಾಜ್ ಹಾಡಿದ್ದನ್ನು ಮೆಚ್ಚುವವನೇ ನಾನು. ಆದರೂ ಆ ವಾರ ಪಿ.ಬಿ.ಎಸ್. ಪಕ್ಷ ವಹಿಸಿ ತಂಗಿಯೊಂದಿಗೆ ವಾದ ಮಾಡಿದೆ.

ಕ್ರಮಕ್ಕೆ ಜಗ್ಗದೆ ಕಾಡಿದ್ದು ಸಂಕಲನಗಳು. ಹನ್ನೆರಡು ಹಾಡು, ಹನ್ನೆರಡು ವರ್ಷದವು, ಒಂದೇ ಎಲ್.ಪಿ.ಯಲ್ಲಿ. ಮೊದಲಿಗೆ ಒಂದೊಂದು ಹಾಡನ್ನೂ ಅದರದರ ವರ್ಷ ಬಂದಾಗ ಕೇಳುತ್ತೇನೆಂದು ಹೊರಟೆ. ಒಂದೇ ತಟ್ಟೆಯ ನಡುವೆ ಮುಳ್ಳನ್ನು ಹನ್ನೆರಡು ಸಲ ಇಳಿಸುವುದು ತಟ್ಟೆಗೂ ಒಳ್ಳೆಯದಲ್ಲ, ನನ್ನ ನಡುಗುವ ಕೈಗೂ ಒಳ್ಳೆಯದಲ್ಲ ಎಂದು ನಾಲ್ಕೇ ದಿನದಲ್ಲಿ ಬಿಟ್ಟೆ. ಕೊನೆಗೆ ಅವುಗಳನ್ನು ಬಿಡುಗಡೆಯ ವರ್ಷಕ್ಕೇ ಇಟ್ಟೆ. ಇದರಿಂದ ಒಂದು ಸಂಗತಿ ಗೊತ್ತಾಯಿತು: ನನ್ನ ಸಂಗ್ರಹದಲ್ಲಿ ‘ಹಳೆಯ ಮಧುರ ಗೀತೆಗಳು’ ಎಂಬ ಬಗೆಯ ತಟ್ಟೆಗಳು 1970ರ ದಶಕಕ್ಕೆ ಮೊದಲು ಒಂದೂ ಇಲ್ಲ. ಹಳೆಯದನ್ನು ಹಳೆಯದೆಂದೇ ಹೆಸರಿಟ್ಟು ಮಾರುವುದಕ್ಕೂ ಒಂದು ಇಸವಿ ಇತ್ತು.

ವಾರಕ್ಕೆ ನಾಲ್ಕು ಸಂಜೆಯಂತೆ ಕೇಳಿ ಮುಗಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಹೊದಿಕೆಗಳಿಗೆ ಬೂಷ್ಟು ಹಿಡಿದು ಎರಡು ವಾರ ಬರಿ ಒರೆಸುವುದೇ ಆಯಿತು. ಬೇಸರವೂ ಬಂತು, ಮಾವ ಎಂದೋ ತಂದಿಟ್ಟ ಪಾಶ್ಚಾತ್ಯ ಬ್ಯಾಂಡ್ ವಾದ್ಯದ ಹದಿನೆಂಟು ಇ.ಪಿ.ಗಳನ್ನು ಕೇವಲ ಹಟಕ್ಕೆ ಕೇಳಿದೆ, ಮತ್ತೊಮ್ಮೆ ಕೇಳುವುದಿಲ್ಲ. ಸಾಲಿನ ಕೊನೆಯದು 1980ರ ದಶಕದ ಒಂದು ಸಿನಿಮಾ ಎಲ್.ಪಿ. ಕ್ಯಾಸೆಟ್ಟಿನ ದಿನಗಳಲ್ಲಿ ಅಂಗಡಿಯವರು ಅದನ್ನು ಅರ್ಧ ಬೆಲೆಗೆ ಕೊಟ್ಟಿದ್ದರು, ಮುಳ್ಳೇ ಸೋಕಿರಲಿಲ್ಲ.

ತಟ್ಟೆಗಳನ್ನು ಮತ್ತೆ ಹೆಸರಿನ ಪ್ರಕಾರ ಜೋಡಿಸಲು ಮನಸ್ಸು ಬರಲಿಲ್ಲವಾದ್ದರಿಂದ ಅವು ಇಸವಿಯ ಸಾಲಿನಲ್ಲೇ ಉಳಿದಿವೆ. ಕಳೆದ ಧನುರ್ಮಾಸದಲ್ಲಿ ಬೆಳಗಿನ ಜಾವ ಅಮ್ಮ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಎಲ್.ಪಿ. ಹುಡುಕಿ ಸುಸ್ತಾಗಿ ನನ್ನನ್ನು ಎಬ್ಬಿಸಿದರು. “ಅರವತ್ತಮೂರಮ್ಮ, ಮೂರನೇ ಖಾನೆ, ಎಡಗಡೆ” ಎಂದೆ. “ದೇವರ ಹಾಡು ಹುಡುಕೋಕೂ ಇಸವಿ ನೆನಪಿಟ್ಕೋಬೇಕೇನಪ್ಪಾ?” ಎಂದು ಗೊಣಗುತ್ತ ಹೋದರು. ಮಾರನೆಯ ದಿನ ಆ ತಟ್ಟೆಯ ಹೊದಿಕೆಗೆ, ಹೊರಗೆ ಇಣುಕುವ ಹಾಗೆ, ಒಂದು ಕೆಂಪು ಕಾಗದದ ಪಟ್ಟಿ ಅಂಟಿಸಿದೆ.