ಸಂಬಂಧ ಎಂಬ ಕಾಲಂ: ದೋಹಾದಲ್ಲಿ ಬಾಳುತ್ತಾ ಮೈಸೂರಿನಲ್ಲಿ ಮಾಡಿಸಿದ ಕಾಗದಗಳು

ನಾನು ಮೈಸೂರಿನವನು, ನನ್ನ ಸಂಗಾತಿ ಮದ್ದೂರಿನ ಕಡೆಯವನು. ಇಬ್ಬರೂ ಗಂಡಸರಾದ ನಾವು ಒಂಬತ್ತು ವರ್ಷಗಳಿಂದ ಕತಾರಿನ ದೋಹಾದಲ್ಲಿ ಒಂದೇ ಮನೆಯಲ್ಲಿ ಬಾಳುತ್ತಿದ್ದೇವೆ. ಆ ದೇಶದ 2004ರ ದಂಡಸಂಹಿತೆಯ 285ನೆಯ ವಿಧಿಯಡಿ ಇಬ್ಬರು ಗಂಡಸರು ಒಪ್ಪಿ ಕೂಡಿದರೂ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ಗಲ್ಫಿನಲ್ಲಿ ಬಾಡಿಗೆ ಹಂಚಿಕೊಂಡು ಒಟ್ಟಿಗಿರುವ ಬ್ಯಾಚುಲರ್‌ಗಳು ಎಲ್ಲೆಲ್ಲೂ ಇರುವುದರಿಂದ ನಮ್ಮನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿಯೂ ನಾವು ಬಾಡಿಗೆ ಹಂಚಿಕೊಂಡ ಇಬ್ಬರು ಮಾತ್ರ ಎಂಬುದು ನನಗೆ ಮನವರಿಕೆಯಾದದ್ದು ಅವನಿಗೆ ತುರ್ತು ಶಸ್ತ್ರಚಿಕಿತ್ಸೆಯಾದ ರಾತ್ರಿ.

ಆಸ್ಪತ್ರೆಯ ಅರ್ಜಿಯಲ್ಲಿ ‘ಸಂಬಂಧ’ ಎಂಬ ಕಾಲಂ ಇತ್ತು. ನಾನು ‘ಸ್ನೇಹಿತ’ ಎಂದು ಬರೆದೆ. ರಕ್ತಸಂಬಂಧಿ ಯಾರಿದ್ದಾರೆಂದು ಕೇಳಿದರು. ದೋಹಾದಲ್ಲಿ ಹನ್ನೊಂದೂವರೆ, ಮದ್ದೂರಿನಲ್ಲಿ ರಾತ್ರಿ ಎರಡು ಗಂಟೆ. ಅವನ ಅಕ್ಕನನ್ನು ಎಬ್ಬಿಸಿ ಫೋನಿನಲ್ಲಿ ಮಾತನಾಡಿಸಿದ ಮೇಲೆಯೇ ವೈದ್ಯರು ನನಗೆ ವಿವರ ತಿಳಿಸಿದರು. ಅವನು ಗುಣವಾಗಿ ಮನೆಗೆ ಬಂದ. ಮುಂದಿನ ರಜೆಗೆ ಊರಿಗೆ ಬಂದಾಗ ನಾವು ಮಾಡಿದ ಮೊದಲ ಕೆಲಸ ಮೈಸೂರಿನ ಚಾಮರಾಜಪುರಂನಲ್ಲಿರುವ ಒಬ್ಬ ವಕೀಲರನ್ನು ಕಂಡದ್ದು.

ಎಲ್ಲಿಯಾದರೂ ಹೋಗಿ ಮದುವೆಯಾಗಿಬಿಟ್ಟರೆ ಆಗದೇ ಎಂದು ನಾನು ಮೊದಲಿಗೆ ಕೇಳಿದೆ. ಥೈಲ್ಯಾಂಡಿನಲ್ಲಿ 2025ರ ಜನವರಿಯಿಂದ ಸಲಿಂಗ ವಿವಾಹಕ್ಕೆ ಅವಕಾಶವಿದೆ. ಆ ಪ್ರಮಾಣಪತ್ರಕ್ಕೆ ಕತಾರಿನಲ್ಲಾಗಲಿ ನಮ್ಮಲ್ಲಾಗಲಿ ಮಾನ್ಯತೆಯಿಲ್ಲ ಎಂದು ವಕೀಲರು ವಿವರಿಸಿದರು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ನಮ್ಮನ್ನು ಅಪರಾಧಿಗಳ ಸಾಲಿನಿಂದ ಬಿಡಿಸಿತಾದರೂ, 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪಿನಲ್ಲಿ ಮದುವೆ ಮೂಲಭೂತ ಹಕ್ಕಲ್ಲವೆಂದೂ ಅದು ಸಂಸತ್ತು ತೀರ್ಮಾನಿಸಬೇಕಾದ ವಿಷಯವೆಂದೂ ಹೇಳಿತು. ಹಾಗಾಗಿ ಆ ಪ್ರಮಾಣಪತ್ರ ನಮಗೆ ಯಾವ ಹಕ್ಕನ್ನೂ ತರುವುದಿಲ್ಲ. ದೋಹಾದಲ್ಲಿ ಅದು ನಮ್ಮ ಫೋನಿನಲ್ಲೋ ಪೆಟ್ಟಿಗೆಯಲ್ಲೋ ಸಿಕ್ಕರೆ ನಮ್ಮ ವಿರುದ್ಧದ ಸಾಕ್ಷ್ಯವಾಗಬಹುದು. ಮದುವೆಯ ಆಸೆ ನನಗೆ ಇಂದಿಗೂ ಇದೆ, ಆದರೆ ಅಲ್ಲಿ ಕೆಲಸ ಮಾಡುವವರೆಗೆ ಆಗಬಾರದೆಂದು ಇಬ್ಬರೂ ನಿರ್ಧರಿಸಿದೆವು. ಅವಲಂಬಿತರ ವೀಸಾ ನಮ್ಮಂಥವರಿಗೆ ದೊರೆಯದ ಕಾರಣ ಇಬ್ಬರೂ ನಮ್ಮ ನಮ್ಮ ಕೆಲಸದ ಮೇಲಿನ ನಿವಾಸ ಪರವಾನಗಿಯನ್ನೇ ಇಟ್ಟುಕೊಂಡಿದ್ದೇವೆ.

ಉಳಿದ ದಾರಿಯೆಂದರೆ, ಮದುವೆಯೊಂದರಿಂದ ತಾನಾಗಿ ಬರುವ ಹಕ್ಕುಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ಬೇರೆ ಕಾಗದ ಮಾಡಿಸುವುದು. ಯಾವ ಕಾಗದವೂ ನಮ್ಮ ಸಂಬಂಧದ ಹೆಸರಿನ ಮೇಲೆ ನಿಲ್ಲಬಾರದು, ವ್ಯಕ್ತಿಯ ಹೆಸರಿನ ಮೇಲೆ ಮಾತ್ರ ನಿಲ್ಲಬೇಕು ಎಂದು ವಕೀಲರು ಮೊದಲ ದಿನವೇ ಹೇಳಿದ್ದರು.

ಹೆಚ್ಚು ಶ್ರಮ ಹಿಡಿದದ್ದು ವಿಲ್ಲು. ಮದುವೆಯಾಗದ ಹಿಂದೂ ಗಂಡಸು ವಿಲ್ಲು ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯಿದೆಯಂತೆ ಆಸ್ತಿಯೆಲ್ಲ ಮೊದಲ ವರ್ಗದ ವಾರಸುದಾರಳಾದ ತಾಯಿಗೆ ಹೋಗುತ್ತದೆ. ಹತ್ತಾರು ವರ್ಷ ಜೊತೆಯಲ್ಲಿ ಬಾಳಿದವನಿಗೆ ಅಲ್ಲಿ ಸ್ಥಾನವೇ ಇಲ್ಲ. ಬೋಗಾದಿಯ ಕಡೆ ನಾವಿಬ್ಬರೂ ಸೇರಿ ಕೊಂಡ ಮನೆಯ ಕ್ರಯಪತ್ರದಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಬರೆಸಿದ್ದೆವು, ಆದರೆ ಒಬ್ಬನು ಹೋದರೆ ಅವನ ಅರ್ಧ ಇನ್ನೊಬ್ಬನಿಗೆ ತಾನಾಗಿ ಬರುವುದಿಲ್ಲ. ವಿಲ್ಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಸಾಕು. ಆದರೂ ನೋಂದಾಯಿಸಿದೆವು. ಸ್ವಂತದವರನ್ನು ಬಿಟ್ಟು ಹೊರಗಿನವರಿಗೆ ಬರೆದಿರುವುದು, ಆಸ್ತಿ ಪಡೆಯುವವನೇ ವಿಲ್ಲು ಬರೆಸಲು ಮುಂದೆ ನಿಂತಿರುವುದು, ಇಂಥವೆಲ್ಲ ಅನುಮಾನಾಸ್ಪದ ಸಂದರ್ಭಗಳೆಂದೂ, ಆ ಅನುಮಾನವನ್ನು ನಿವಾರಿಸುವ ಹೊಣೆ ವಿಲ್ಲನ್ನು ಹಾಜರುಪಡಿಸಿದವರದೆಂದೂ ಸುಪ್ರೀಂ ಕೋರ್ಟು 1958ರಲ್ಲಿಯೇ, ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಿನ ಮೊಕದ್ದಮೆಯಲ್ಲಿ ಹೇಳಿದೆ. ಅದು ನಮ್ಮ ಮೈಸೂರು ಹೈಕೋರ್ಟಿನಿಂದಲೇ ಹೋದ ಮೇಲ್ಮನವಿ. ಆದ್ದರಿಂದ ಅವನು ಸಹಿ ಮಾಡಿದ ದಿನ ನಾನು ಉಪನೋಂದಣಾಧಿಕಾರಿಗಳ ಕಚೇರಿಯ ಹತ್ತಿರವೂ ಸುಳಿಯಲಿಲ್ಲ. ಅವನ ಮನಸ್ಸು ಸ್ವಸ್ಥವಾಗಿದೆಯೆಂದು ವೈದ್ಯರಿಂದ ಪ್ರಮಾಣಪತ್ರ ಪಡೆದೆವು. ತಾಯಿಯನ್ನು ಮರೆತಿಲ್ಲವೆಂಬುದು ಸ್ಪಷ್ಟವಾಗುವಂತೆ ಅವರ ಹೆಸರಿಗೆ ಒಂದು ನಿಶ್ಚಿತ ಠೇವಣಿಯನ್ನು ಬರೆದು, ಮನೆಯ ಪಾಲನ್ನು ನನಗೇಕೆ ಕೊಡುತ್ತಿದ್ದಾನೆಂಬುದನ್ನು ಅವನ ಮಾತಿನಲ್ಲಿಯೇ ಎರಡು ವಾಕ್ಯ ಸೇರಿಸಿದ.

ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಅನಿವಾಸಿಗಳಿಬ್ಬರು ಬಂಧುಗಳಲ್ಲದಿದ್ದರೂ ಎನ್‌ಆರ್‌ಇ, ಅಂದರೆ ಹೊರದೇಶದ ಗಳಿಕೆಯನ್ನು ಭಾರತದಲ್ಲಿ ರೂಪಾಯಿಯಾಗಿ ಇಡುವ ಜಂಟಿ ಖಾತೆ ತೆರೆಯಬಹುದು. ಸಲಿಂಗಿ ಸಂಗಾತಿಗಳ ಜಂಟಿ ಖಾತೆಗೂ ನಾಮನಿರ್ದೇಶನಕ್ಕೂ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಆದರೆ ನಾಮಿನಿ ಎಂದರೆ ಮಾಲೀಕನೆಂದು ತಿಳಿಯಬಾರದು. ಅವನು ಹಣವನ್ನು ವಾರಸುದಾರರ ಪರವಾಗಿ ಪಡೆಯುವವನು ಮಾತ್ರ. ಜೀವವಿಮೆಯಲ್ಲಿ ಹಣ ನಾಮಿನಿಗೇ ಸೇರುವ ವಿಶೇಷ ಅನುಕೂಲವಿದೆಯಾದರೂ ಅದು ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳಿಗೆ ಸೀಮಿತ. ಹಾಗಾಗಿ ಖಾತೆ, ಪಾಲಿಸಿಗಳ ಸಂಖ್ಯೆಗಳನ್ನೆಲ್ಲ ವಿಲ್ಲಿನಲ್ಲಿ ನಮೂದಿಸಿದೆವು.

ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರದ ವಿಷಯದಲ್ಲಿ ನಾನು ಎಡವಿದೆ. ಮನೆಯನ್ನು ಮಾರುವ ಅಧಿಕಾರವನ್ನೂ ಪರಸ್ಪರ ಕೊಟ್ಟುಕೊಳ್ಳೋಣವೆಂದು ಹೊರಟಿದ್ದೆ. ಕರ್ನಾಟಕ ಮುದ್ರಾಂಕ ಕಾಯಿದೆಯಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇವರನ್ನು ಬಿಟ್ಟು ಬೇರೆಯವರಿಗೆ ಮಾರಾಟದ ಅಧಿಕಾರ ಕೊಟ್ಟರೆ ಕ್ರಯಪತ್ರಕ್ಕೆ ಕಟ್ಟುವಷ್ಟೇ ಶುಲ್ಕ ಕಟ್ಟಬೇಕು. ಬಾಡಿಗೆ, ಕಂದಾಯ, ಖಾತೆ, ಕರೆಂಟು ಬಿಲ್ಲು ಇಷ್ಟಕ್ಕೇ ಮಿತಿಗೊಳಿಸಿ, ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಿದೆವು. ಅಂಥ ಕಾಗದ ಊರು ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊಟ್ಟವನು ತೀರಿಕೊಂಡ ಕ್ಷಣ ಜಿಪಿಎ ರದ್ದಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಚಿಕಿತ್ಸೆಗಾಗಿ ಇಬ್ಬರೂ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿದ್ದೇವೆ, ಅಂದರೆ ನಾವೇ ಹೇಳಲಾಗದ ಸ್ಥಿತಿ ಬಂದರೆ ಜೀವ ಉಳಿಸುವ ಚಿಕಿತ್ಸೆ ಮುಂದುವರಿಸಬೇಕೇ ಬೇಡವೇ, ನಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮೊದಲೇ ತಿಳಿಸುವ ಪತ್ರ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ ಈ ಪತ್ರಕ್ಕೆ ಮೊದಲು ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. 2023ರ ಜನವರಿಯ ಆದೇಶದ ನಂತರ ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದು ಭಾರತದ ಆಸ್ಪತ್ರೆಗಳಿಗೆ ಮಾತ್ರ ಅನ್ವಯಿಸುತ್ತದೆ. ದೋಹಾದಲ್ಲಿ ನಮಗೆ ಆಧಾರ ಇಂದಿಗೂ ಅಕ್ಕನ ಫೋನ್ ನಂಬರೇ.

ಕೊನೆಯ ಕಾಗದ ಬರೆಯಲು ನಮ್ಮಿಬ್ಬರಿಗೂ ಕೈ ಬರುತ್ತಿರಲಿಲ್ಲ. ಹೊರದೇಶದಲ್ಲಿ ಸತ್ತವರ ಶವವನ್ನು ಊರಿಗೆ ಕಳುಹಿಸಲು ರಾಯಭಾರ ಕಚೇರಿ ಮೃತನ ಕುಟುಂಬದವರ ಒಪ್ಪಿಗೆ ಪತ್ರ ಕೇಳುತ್ತದೆ. ಅಲ್ಲಿ ಸ್ನೇಹಿತನ ಮಾತು ನಡೆಯುವುದಿಲ್ಲ. ಅಂಥ ಸಂದರ್ಭ ಬಂದರೆ ಶವವನ್ನು ಪಡೆದು ಕಳುಹಿಸುವ ಅಧಿಕಾರವನ್ನು ನನಗೇ ಕೊಡುವುದಾಗಿ ಅಕ್ಕ ಒಪ್ಪಿ, ಕರಡು ಪತ್ರವನ್ನು ಓದಿ ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ. ಮೂಲ ಕಾಗದಗಳೆಲ್ಲ ಅವಳ ಮನೆಯ ಬೀರುವಿನಲ್ಲಿವೆ. ದೋಹಾದಲ್ಲಿ ಒಂದು ಪ್ರತಿಯನ್ನೂ ಇಟ್ಟುಕೊಂಡಿಲ್ಲ. ಅವನ ತಾಯಿಗೆ ಈ ಪತ್ರದ ವಿಷಯವನ್ನು ಇನ್ನೂ ಹೇಳಿಲ್ಲ. ಬರುವ ಸಂಕ್ರಾಂತಿಗೆ ಊರಿಗೆ ಹೋದಾಗ ಅಕ್ಕನನ್ನು ಜೊತೆಯಲ್ಲಿ ಕೂರಿಸಿಕೊಂಡು ಅವನೇ ಹೇಳುವನೆಂದು ಗೊತ್ತುಮಾಡಿಕೊಂಡಿದ್ದೇವೆ.