ಕಡಲಿಗೆ ಒಯ್ಯುವ ಟಾರ್ಚು, ತೋಟದ ಬಾವಿಯಲ್ಲಿ ಪರೀಕ್ಷೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಹಗಲಲ್ಲೇ ಡೈವ್ ಮಾಡಿದರೂ ಕೈಯಲ್ಲೊಂದು ಟಾರ್ಚ್ ಇರಲೇಬೇಕು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ. ಹನ್ನೆರಡು ಮೀಟರ್ ಆಳದಲ್ಲಿ ಬೂದಿ ಬಣ್ಣದ ಕಲ್ಲಿನಂತೆ ಕಂಡದ್ದರ ಮೇಲೆ ಮೊಳ ದೂರದಿಂದ ಬೆಳಕು ಬಿಟ್ಟರೆ, ಅದು ಕುಂಕುಮದಷ್ಟು ಕೆಂಪಗಿರುವ ಸ್ಪಂಜು ಎಂಬ ಕಡಲಜೀವಿ ಎಂದು ತಿಳಿಯುತ್ತದೆ. ತುಮಕೂರಿನಲ್ಲಿ ಕೂತು ಆನ್‌ಲೈನಿನಲ್ಲಿ ತರಿಸುವವರಿಗೆ ಆಧಾರ ಪೆಟ್ಟಿಗೆಯ ಮೇಲಿನ ಅಂಕಿಗಳು ಮಾತ್ರ. ನಾನು ಆ ಅಂಕಿಗಳನ್ನು ಲೆಕ್ಕ ಹಾಕಿ ನೋಡಿಯೇ ಆರಿಸಿದ್ದು.

ಅಂಗೈಯಲ್ಲಿ ಹಿಡಿಯುವ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಒಂದೇ 18650 ಸೆಲ್ ಇರುತ್ತದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯ ಸೆಲ್ಲಿನ 3,400 ಎಂಎಎಚ್ ಧಾರಣೆಯನ್ನು, ಅಂದರೆ 3.4 ಆಂಪಿಯರ್‌ಅವರನ್ನು, 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 12.5 ವ್ಯಾಟ್‌ಅವರ್ ಆಯಿತು. ಒಂದು ವ್ಯಾಟಿಗೆ 100 ಲುಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಹಿಡಿದರೆ 1,000 ಲುಮೆನ್‌ಗೆ 10 ವ್ಯಾಟ್ ಬೇಕು. ಅಂದರೆ ಗಂಟೆ, ಗಂಟೆಕಾಲು ಉರಿದೀತು. ಒಂದೇ ಸೆಲ್ಲಿಗೆ ‘5,000 ಲುಮೆನ್, ಮೂರು ಗಂಟೆ’ ಎಂದು ಬರೆದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಸೆಲ್ ಮೇಲೆ 9,900 ಎಂಎಎಚ್ ಎಂದಿದ್ದರೂ ಅಷ್ಟೇ, ಈ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ನಕಲಿ ಎಷ್ಟೋ ಸಲ ಅದಕ್ಕಿಂತ ತೀರಾ ಹಗುರ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ 68ರಿಂದ 70 ಮಿ.ಮೀ. ಉದ್ದ ಬರುತ್ತದೆ. ಕೊಳವೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಮುಚ್ಚಳ ಪೂರ್ತಿ ಕೂರದೆ ನೀರು ನುಗ್ಗುತ್ತದೆ.

ಲುಮೆನ್‌ಗಿಂತ ನಾನು ಹೆಚ್ಚು ಗಮನ ಕೊಟ್ಟದ್ದು ಬೆಳಕಿನ ಹರವಿಗೆ. ನೀರಿನಲ್ಲಿ ತೇಲುವ ಕಣಗಳು ಹೆಚ್ಚಿದ್ದ ದಿನ ಅಗಲ ಬೆಳಕು ಬಿಟ್ಟರೆ, ಮಂಜು ಕವಿದ ದೇವರಾಯನದುರ್ಗದ ತಿರುವಿನಲ್ಲಿ ಹೈಬೀಮ್ ಹಾಕಿದ ಹಾಗೆ, ಕಣ್ಣೆದುರು ಬರೀ ಬಿಳಿ ಪರದೆ. ಬಂಡೆಯ ಸಂದಿನೊಳಗೆ ನೋಡಲು, ಜೊತೆಗಾರನಿಗೆ ಸನ್ನೆ ಮಾಡಲು 10 ಡಿಗ್ರಿಯ ಕಿರಿದಾದ ಬೆಳಕೇ ಸರಿ. ಕತ್ತಲಲ್ಲಿ ಒಂದು ಮೀಟರ್ ದೂರದ ಗೋಡೆಗೆ ಹಿಡಿದಾಗ ಒಂದು ಗೇಣಿಗಿಂತ ತುಸು ಕಡಿಮೆ, 17–18 ಸೆಂ.ಮೀ. ಅಗಲದ ವೃತ್ತ ಬಿದ್ದರೆ ಅದು 10 ಡಿಗ್ರಿ. ವಿಡಿಯೊ ತೆಗೆಯುವವರಿಗೆ ಮಾತ್ರ 100–120 ಡಿಗ್ರಿಯದು ಬೇಕು. ಚಪ್ಪಟೆ ಗಾಜಿನ ಟಾರ್ಚಿನಲ್ಲಿ ಹೊರಗಿನ 120 ಡಿಗ್ರಿ ನೀರಿನೊಳಗೆ ಸುಮಾರು 80ಕ್ಕೆ ಇಳಿಯುತ್ತದೆ ಎಂಬುದನ್ನು ಅವರೂ ಮರೆಯಬಾರದು.

ಧೂಳು, ನೀರು ಒಳಹೋಗದು ಎಂದು ಹೇಳುವ ‘ಐಪಿ68’ ಎಂಬ ಗುರುತನ್ನು ನಂಬಿ ಕೊಳ್ಳಬೇಡಿ. ಅದರ ಆಳವನ್ನು ತಯಾರಕರೇ ನಿಗದಿ ಮಾಡಿರುತ್ತಾರೆ, ಅದು ಒಂದೂವರೆ ಮೀಟರೇ ಇದ್ದೀತು. ಆಳ ಮೀಟರಿನಲ್ಲಿ ಬರೆದಿರಲಿ, 100 ಮೀಟರ್ ಇರಲಿ. ತಲೆ ತಿರುಗಿಸಿ ಹೊತ್ತಿಸುವ ಮಾದರಿಗಳಲ್ಲಿ ನೀರಿನ ಒತ್ತಡವೇ ತಲೆಯನ್ನು ಒಳಕ್ಕೆ ತಳ್ಳಿ ತಾನಾಗಿ ಹೊತ್ತಿಕೊಳ್ಳುವುದುಂಟು. ಅದಕ್ಕೇ ಕೊಳವೆಗೆ ತೂತಿಲ್ಲದ ಮ್ಯಾಗ್ನೆಟಿಕ್ ಸ್ವಿಚ್ಚಿನದನ್ನು ತೆಗೆದುಕೊಂಡೆ. ಅದರ ಸಂದಿಗೆ ಮರಳು ಸೇರಿದರೆ ಬಿಗಿಯಾಗುತ್ತದೆ, ತೊಳೆದರೆ ಬಿಡುತ್ತದೆ. ರಾತ್ರಿ ಡೈವಿಗೆ ಜೇಬಿನಲ್ಲಿ ಇನ್ನೊಂದು ಟಾರ್ಚ್ ಬೇಕೇ ಬೇಕು.

ಟಾರ್ಚ್ ಸಾಯುವುದು ಬಹುಮಟ್ಟಿಗೆ ಓ-ರಿಂಗಿನಿಂದ, ಅಂದರೆ ಮುಚ್ಚಳದ ಸಂದಿನಲ್ಲಿ ನೀರು ತಡೆಯುವ ರಬ್ಬರಿನಂಥ ಬಳೆಯಿಂದ. ಒಂದು ಕೂದಲೆಳೆ ಅಡ್ಡ ಬಿದ್ದಿದ್ದರೂ ಸಾಕು. ಲೋಹ ತಾಗಿಸದೆ ಬೆರಳಿನಿಂದ ಜಾರಿಸಿ ತೆಗೆದು, ಒರೆಸಿ, ಸಿಲಿಕೋನ್ ಗ್ರೀಸನ್ನು ಸಾಸಿವೆಯಷ್ಟು ತೆಗೆದುಕೊಂಡು ರಿಂಗ್ ಮಿನುಗುವ ಮಟ್ಟಿಗೆ ಸವರುತ್ತೇನೆ. ಗ್ರೀಸ್ ನೀರು ತಡೆಯುವುದಿಲ್ಲ. ರಿಂಗ್ ತಿರುಚಿಕೊಳ್ಳದೆ ಜಾರಲಿ ಎಂಬುದಷ್ಟೇ ಅದರ ಕೆಲಸ. ಹೆಚ್ಚು ಬಳಿದರೆ ಧೂಳು ಅಂಟುತ್ತದೆ. ರಿಂಗೇ ಸಿಲಿಕೋನಿನದಾಗಿದ್ದರೆ ಈ ಗ್ರೀಸ್ ತಾಗಿ ಉಬ್ಬುತ್ತದೆ, ಮೊದಲು ಕೇಳಿ ತಿಳಿದುಕೊಳ್ಳಬೇಕು.

ಪರೀಕ್ಷೆಗೆ ಗುಬ್ಬಿ ಕಡೆಯ ತೆಂಗಿನ ತೋಟದ ಬಾವಿ. ಸೆಲ್ ತೆಗೆದು ಅದರ ಜಾಗಕ್ಕೆ ಒಣ ಟಿಶ್ಯೂ ಸುರುಳಿ ತುರುಕಿ, ಮುಚ್ಚಿ, ಅರ್ಧ ಕೆ.ಜಿ. ಕಲ್ಲಿನ ಜೊತೆ ಬಲೆಚೀಲಕ್ಕೆ ಹಾಕಬೇಕು. ಹಗ್ಗಕ್ಕೆ ಮೀಟರಿಗೊಂದು ಗಂಟು. ಮೊದಲು ಒಂದು ಮೀಟರಿನಲ್ಲೇ ಅರ್ಧ ಗಂಟೆ ಬಿಡುತ್ತೇನೆ. ಕಡಿಮೆ ಒತ್ತಡದಲ್ಲಿ ರಿಂಗ್ ಇನ್ನೂ ಬಿಗಿಯಾಗಿ ಒತ್ತಿಕೊಂಡಿರುವುದಿಲ್ಲ, ಹಾಗಾಗಿ ಸೋರುವುದಿದ್ದರೆ ಅಲ್ಲೇ ಸೋರುವ ಸಂಭವ ಹೆಚ್ಚು. ಆಮೇಲೆ ನೀರಿದ್ದಷ್ಟು ಆಳ. ಹತ್ತು ಮೀಟರ್ ಸಿಕ್ಕರೆ ಹೊರಗಿನ ಒತ್ತಡ ಎರಡರಷ್ಟಾಗುತ್ತದೆ. ಮೇಲೆತ್ತಿ, ಹೊರಮೈ ಪೂರ್ತಿ ಒರೆಸಿ, ಮುಚ್ಚಳದ ತುದಿ ಕೆಳಗಾಗಿ ಹಿಡಿದು ತೆರೆಯಬೇಕು. ಟಿಶ್ಯೂ ಅಂಚು ಒದ್ದೆಯಾಗಿದ್ದರೆ ವಾರಂಟಿ ಇರುವಾಗಲೇ ವಾಪಸ್ ಕಳಿಸಿ.

ಹೊಳಪಿನ ಪರೀಕ್ಷೆಯನ್ನೂ ಬಕೆಟ್ ನೀರಿನಲ್ಲೇ ಮಾಡಿ. ಗಾಳಿಯಲ್ಲಿ ಪೂರ್ತಿ ಉರಿಸಿದರೆ ನಾಲ್ಕೈದು ನಿಮಿಷಕ್ಕೆ ಕೈ ಸುಡುವಷ್ಟು ಕಾಯುತ್ತದೆ.

ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದರೆ ಗಾಜಿನ ಮೇಲೂ ಥ್ರೆಡ್ಡಿನ ಸಂದಿನಲ್ಲೂ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೇ ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದಿಂದ ತಂದ ನೀರು. ಒಳಗೆ ಉಪ್ಪುನೀರು ಹೋಗಿದೆ ಅನ್ನಿಸಿದರೆ ಮುಖದಿಂದ ಆಚೆ ಹಿಡಿದು, ನಿಧಾನವಾಗಿ ತಿರುಗಿಸಿ. ಸೆಲ್ಲಿನಿಂದ ಗ್ಯಾಸ್ ತುಂಬಿ ಮುಚ್ಚಳ ಸಿಡಿಯಬಹುದು. ಮಳೆಗಾಲದಲ್ಲಿ ನೇತ್ರಾಣಿಗೆ ಡೈವಿಂಗ್ ದೋಣಿಗಳು ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಸೆಲ್ ಹೊರಗೆ ತೆಗೆದು, ಮಲ್ಟಿಮೀಟರಿನಲ್ಲಿ 3.7–3.8 ವೋಲ್ಟ್ ನೋಡಿಕೊಂಡು ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತೇನೆ, ಟಾರ್ಚಿನ ಮುಚ್ಚಳ ಸಡಿಲವಾಗಿರುತ್ತದೆ.